ಚಾರ್ಟಕ್ಕನ ಗಂಟು

ಅವಳಿಗೆ ಹೆತ್ತವರಿಟ್ಟ ಹೆಸರು ಏನೆಂದು ಬಸ್ ಡಿಪೋದಲ್ಲಿ ಕೇಳಿದರೆ, ಸಂಬಳದ ಗುಮಾಸ್ತನೊಬ್ಬನೇ ಹೇಳಿಯಾನು. ಉಳಿದವರಿಗೆಲ್ಲ ಅವಳು ಚಾರ್ಟಕ್ಕ. ನಾಳೆ ಯಾವ ಡ್ರೈವರ್ ಯಾವ ಬಸ್ ಹತ್ತಬೇಕು, ಯಾವ ರೂಟಿಗೆ ಹೋಗಬೇಕು, ಯಾರಿಗೆ ರಜೆ ಎಂಬ ಡ್ಯೂಟಿ ಚಾರ್ಟನ್ನು ದಿನವೂ ಸಂಜೆಯೊಳಗೆ ತಯಾರಿಸಿ ಗೋಡೆಯ ಗಾಜಿನ ಪೆಟ್ಟಿಗೆಯೊಳಗೆ ಅಂಟಿಸುವವಳು ಅವಳು. ಚಾರ್ಟ್ ನೋಡದೆ ಡ್ರೈವರುಗಳು ಮನೆಗೆ ಹೋಗುವಂತಿಲ್ಲ. ಸ್ವಲ್ಪ ತಡವಾದರೂ ಅವಳ ಕಿಟಕಿಯ ಕೆಳಗೆ ಗುಂಪು ಕಟ್ಟಿಕೊಂಡು, ನಿಂತ ಬಸ್ಸಿನ ಹಾರ್ನ್ ಒತ್ತಿ ಒತ್ತಿ ಪ್ರಾಣ ತಿನ್ನುತ್ತಾರೆ. ಡ್ರೈವರುಗಳ ಪ್ರೀತಿಯೂ ಹಾರ್ನಿನಲ್ಲೇ, ಸಿಟ್ಟೂ ಹಾರ್ನಿನಲ್ಲೇ.

ಟಿಕೆಟ್ ಕಟ್ಟು ಎಣಿಸಿ ಕೊಡುವ ಹುಡುಗಿಯಾಗಿ ಸೇರಿದವಳು ಅವಳು. ಮೊದಲು ಚಾರ್ಟ್ ಮಾಡುತ್ತಿದ್ದ ಮುದುಕರೊಬ್ಬರು ನಿವೃತ್ತಿಗೆ ಮುಂಚೆ ಯಾರಿಗಾದರೂ ಕಲಿಸಿ ಹೋಗಬೇಕಿತ್ತು. ಉಳಿದವರೆಲ್ಲ ಕಂಪ್ಯೂಟರಿನ ಆ ಕಪ್ಪು ಪರದೆ ನೋಡಿಯೇ ಬಾಗಿಲ ಕಡೆ ತಿರುಗಿದರು. ಬಣ್ಣದ ಚಿತ್ರದ ಮೇಲೆ ಗುಂಡಿ ಒತ್ತುವ ಪ್ರೋಗ್ರಾಮ್ ಅಲ್ಲ ಅದು. ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಬರೆದು ಎಂಟರ್ ಒತ್ತಬೇಕು. ಒಂದಕ್ಷರ ತಪ್ಪಿದರೂ ಒಪ್ಪುವುದಿಲ್ಲ. ಚಾರ್ಟಕ್ಕನಿಗೆ ಅದೇ ಹಿಡಿಸಿತು. ಮುಖ ನೋಡಿ ಮಣೆ ಹಾಕದ ಒಂದೇ ಒಂದು ವಸ್ತು ಈ ಆಫೀಸಿನಲ್ಲಿ ಇದ್ದರೆ ಇದು ಎಂದು ಅವಳು ಹೇಳುತ್ತಿದ್ದಳು. ಮುದುಕರು ಹೋದ ಮೇಲೆ ಅವರ ಪ್ರೋಗ್ರಾಮುಗಳಲ್ಲಿ ಅರ್ಧವನ್ನು ತಾನೇ ಬಿಚ್ಚಿ, ತಿದ್ದಿ, ಹೊಸದಾಗಿ ಬರೆದಳು.

ಹೀಗಿದ್ದವಳು ಒಂದು ಸಂಜೆ ಚಾರ್ಟ್ ಹಿಡಿದು ಅಂಗಳ ದಾಟುವಾಗ ಚೆಲ್ಲಿದ್ದ ಆಯಿಲ್ ಮೇಲೆ ಕಾಲಿಟ್ಟು ಜಾರಿದಳು. ಬಿದ್ದದ್ದು ಬಲಗೈ ಮೇಲೆ. ಮೂಳೆ ಕೂಡಿತು, ನರ ಕೂಡಲಿಲ್ಲ. ಹೆಬ್ಬೆರಳು, ತೋರುಬೆರಳು ಬಿಟ್ಟರೆ ಉಳಿದ ಮೂರು ಬೆರಳು ಕೆಲವು ನೆಂಟರ ಹಾಗಾದವು: ಊಟಕ್ಕೆ ಜೊತೆಗೆ ಬರುತ್ತವೆ, ಕೆಲಸಕ್ಕೆ ಕರೆದರೆ ಇಲ್ಲ.

ಅವಳು ಕೆಲಸಕ್ಕೆ ಮರಳಿದ ದಿನ ಡಿಪೋದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ. ಮ್ಯಾನೇಜರ್ ಎಲ್ಲರಿಗಿಂತ ಮೊದಲು ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು, ಅದೇ ತೊಂದರೆ. ಕೆಟ್ಟವರಾದರೆ ಜಗಳವಾಡಿ ಗೆಲ್ಲಬಹುದು. ಒಳ್ಳೆಯವರು ಕೈ ಹಿಡಿದು ಮೂಲೆಗೆ ಕೂರಿಸಲು ಬಂದರೆ ಯಾವ ಬಾಯಲ್ಲಿ ಜಗಳವಾಡುವುದು?

“ಸುಮ್ನೆ ಯಾಕಮ್ಮ ಕಷ್ಟ ಪಡ್ತೀಯ?” ಎಂದರು. “ಕೆಳಗೆ ಕಳೆದ ಸಾಮಾನಿನ ಕೌಂಟರ್ ಖಾಲಿ ಇದೆ. ಬಸ್ಸಲ್ಲಿ ಬಿಟ್ಟೋದ ಛತ್ರಿ, ಚೀಲ ತಗೊಂಡು ಇಡೋದು, ಕೇಳಿದೋರಿಗೆ ಕೊಡೋದು. ಸಂಬಳ ಅಷ್ಟೇ ಬರತ್ತೆ. ಆರಾಮಾಗಿ ಕೂತ್ಕೊ.”

“ಆರಾಮು ಬೇಡ ಸರ್. ನನ್ನ ಕುರ್ಚಿ ಇರ್ಲಿ,” ಎಂದಳು.

ಆ ಕುರ್ಚಿಯನ್ನು ಉಳಿಸಿಕೊಳ್ಳಲು ಅವಳು ಪಟ್ಟ ಪಾಡನ್ನು ಯಾರೂ ನೋಡಲಿಲ್ಲ. ಉದ್ದುದ್ದ ಕಮಾಂಡ್‌ಗಳನ್ನು ಒಂದೂವರೆ ಕೈಯಲ್ಲಿ ಬರೆಯುವುದೆಂದರೆ ಕುಂಟುತ್ತಾ ಓಟದ ಪಂದ್ಯಕ್ಕೆ ಹೋದ ಹಾಗೆ. ಆದ್ದರಿಂದ ಅವಳು ಕಮಾಂಡ್‌ಗಳನ್ನೇ ಗಿಡ್ಡ ಮಾಡಿದಳು. ರಜೆ ಹಾಕಿದವರನ್ನು ತೋರಿಸು ಎನ್ನಲು ಎರಡಕ್ಷರ. ಬಸ್ಸಿಗೂ ರೂಟಿಗೂ ಗಂಟು ಹಾಕು ಎನ್ನಲು ಎರಡಕ್ಷರ. ಎಲ್ಲವೂ ಎಡಗೈ ಬೆರಳಿಗೆ ಸಿಗುವ ಅಕ್ಷರಗಳೇ. ಎಂಟರ್ ಕೀಲಿ ಇರುವುದು ಬಲಗಡೆ. ಎಡಗಡೆ ಯಾರಿಗೂ ಬೇಡದೆ ಬಿದ್ದಿರುವ ಕ್ಯಾಪ್ಸ್ ಲಾಕ್ ಕೀಲಿಗೆ ಆ ಕೆಲಸ ಕೊಟ್ಟಳು. ಎರಡು ಕೀಲಿ ಒಟ್ಟಿಗೆ ಒತ್ತಬೇಕಾದ ಕಡೆ ಒಂದರ ನಂತರ ಒಂದು ಒತ್ತಿದರೆ ಸಾಕು ಎಂದು ಮಶೀನಿಗೆ ಹೇಳಿಕೊಟ್ಟಳು. ಒಂದೊಂದಾಗಿ, ನೋವಾದಾಗೊಂದು, ಅಳು ಬಂದಾಗೊಂದು ಎಂದು ಎರಡು ವರ್ಷ ಸೇರಿಸುತ್ತಲೇ ಹೋದಳು. ಬೆಳಿಗ್ಗೆ ಮಶೀನ್ ಹಾಕಿದ ಕೂಡಲೇ ‘ನಿಧಾನ, ಅವಸರ ಇಲ್ಲ’ ಎಂಬ ಸಾಲು ಕಾಣುವಂತೆಯೂ ಮಾಡಿಕೊಂಡಿದ್ದಳು. ಅದನ್ನು ಅವಳಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ. ಕೊನೆಗೆ ಚಾರ್ಟ್ ಮೊದಲಿಗಿಂತಲೂ ಬೇಗ ಗೋಡೆಗೆ ಬೀಳತೊಡಗಿತು. ಪಾಪ ಎನ್ನುವ ಮಾತು ಡಿಪೋದಿಂದ ತಾನಾಗಿ ಕಾಣೆಯಾಯಿತು.

ಈ ಏರ್ಪಾಟುಗಳೆಲ್ಲ ಮಶೀನಿನಲ್ಲಿ ಕೆಲವು ಫೈಲುಗಳಲ್ಲಿ ಇರುತ್ತವೆ. ಆ ಫೈಲುಗಳ ಹೆಸರಿನ ಮುಂದೆ ಒಂದು ಚುಕ್ಕಿ ಇರುತ್ತದೆ. ಚುಕ್ಕಿ ಇದ್ದರೆ ಮಶೀನ್ ಆ ಫೈಲನ್ನು ಮಾಮೂಲಿ ಪಟ್ಟಿಯಲ್ಲಿ ತೋರಿಸುವುದಿಲ್ಲ, ಮನೆಯಲ್ಲಿದ್ದೂ ಬಂದವರ ಕಣ್ಣಿಗೆ ಬೀಳದ ಹಳೇ ಪೊರಕೆಯ ಹಾಗೆ ಹಿಂದೆ ಇಟ್ಟುಕೊಳ್ಳುತ್ತದೆ. ಇದು ಚಾರ್ಟಕ್ಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ‘ಚುಕ್ಕಿ ಫೈಲು ಮರೀಬೇಡ್ರಪ್ಪ’ ಎಂದು ಆಫೀಸಿಗೆಲ್ಲ ಹೇಳುತ್ತಿದ್ದವಳೇ ಅವಳು.

ಹಳೇ ಮಶೀನುಗಳನ್ನು ತೆಗೆದು ಹೊಸದು ಇಡುವ ದಿನ ಬಂತು. ರಿಪೇರಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಕೆಳಗೆ ಹಾರ್ನ್ ಬೇರೆ. ಚಾರ್ಟಕ್ಕ ತನ್ನ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ನಕಲು ಮಾಡಲು ಕಮಾಂಡ್ ಕೊಟ್ಟಳು. ಹೆಸರು ಬರೆಯುವ ಕಡೆ ಒಂದು ನಕ್ಷತ್ರದ ಗುರುತು ಹಾಕಿದಳು. ನಕ್ಷತ್ರ ಅಂದರೆ ‘ಇಲ್ಲಿರೋದೆಲ್ಲ’ ಎಂದರ್ಥ. ಆದರೆ ಚುಕ್ಕಿ ಇಟ್ಟವನ್ನು ಬಿಟ್ಟು. ನಕಲಾದ ಮೇಲೆ ಎರಡೂ ಕಡೆಯ ಪಟ್ಟಿ ತೆಗೆದು ತಾಳೆ ನೋಡಿದಳು. ಆ ಕಡೆಯೂ ಚುಕ್ಕಿಯವು ಕಾಣಲಿಲ್ಲ, ಈ ಕಡೆಯೂ ಕಾಣಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

“ಎಲ್ಲಾ ತಗೊಂಡ್ರಾ ಅಕ್ಕಾ? ಹಳೇದರಲ್ಲಿ ಇರೋದನ್ನೆಲ್ಲ ಒರೆಸಿಬಿಡ್ಲಾ?” ಎಂದ ರಿಪೇರಿಯವನು.

“ಎಲ್ಲಾ ತಗೊಂಡೆ. ಒರೆಸಪ್ಪ.”

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿದ್ದಿತಂತೆ.

ಮರುದಿನ ಬೆಳಿಗ್ಗೆ ಹೊಸ ಮಶೀನಿನ ಮುಂದೆ ಕೂತು, ರಜೆಯವರನ್ನು ತೋರಿಸು ಎಂದು ಎರಡಕ್ಷರ ಒತ್ತಿ ಕ್ಯಾಪ್ಸ್ ಲಾಕ್ ಕುಟ್ಟಿದಳು. ಏನೂ ಆಗಲಿಲ್ಲ. ಮತ್ತೆ ಅಕ್ಷರ ಒತ್ತಿದರೆ ಅವೆಲ್ಲ ದೊಡ್ಡವಾಗಿ, ಮಶೀನ್ ಅವಳ ಮೇಲೆ ಕಿರುಚಿದ ಹಾಗೆ ಬಂದವು. ಕಷ್ಟಪಟ್ಟು ಬಲಗಡೆಯ ಎಂಟರ್ ಒತ್ತಿದಳು. ಅಂಥ ಕಮಾಂಡ್ ಇಲ್ಲ ಎಂದಿತು. ಪೆನ್ ಡ್ರೈವ್ ತೆಗೆದು, ಅಡಗಿದ್ದನ್ನೂ ತೋರಿಸು ಎಂದು ಕೇಳಿದಳು. ತೋರಿಸಲು ಅಲ್ಲಿ ಏನೂ ಇರಲಿಲ್ಲ. ಎರಡು ವರ್ಷದ ನೋವನ್ನೆಲ್ಲ ಅವಳೇ ನಿಂತು ಒರೆಸಿ ಹಾಕಿಸಿದ್ದಳು.

ಅಂದು ಚಾರ್ಟ್ ತಡವಾಯಿತು. ಮಾರನೆಯ ದಿನವೂ ಆಯಿತು. ಬಲಗೈ ಮಣಿಕಟ್ಟು ಊದಿಕೊಂಡಿತು. ಕೆಳಗಿನಿಂದ ಹಾರ್ನ್ ಕೇಳಿತು, ಆಮೇಲೆ ನಿಂತಿತು. ನಿಂತದ್ದೇ ಅವಳಿಗೆ ಹೆಚ್ಚು ಉರಿಯಿತು, ಯಾಕೆಂದರೆ ಯಾರೋ ‘ಪಾಪ, ಒತ್ತಬೇಡ್ರೋ’ ಎಂದದ್ದು ಕಿಟಕಿಯಿಂದ ಕೇಳಿಸಿತ್ತು. ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು.

“ನಿನ್ನ ಒಳ್ಳೇದಕ್ಕೇ ಹೇಳ್ತೀನಿ ಕಣಮ್ಮ. ಕೆಳಗೆ ಆ ಕೌಂಟರ್ ಇನ್ನೂ ಖಾಲಿನೇ ಇದೆ.”

“ಹೊಸ ಟೈಮ್ ಟೇಬಲ್ ಬರೋ ದಿನದ ತನಕ ಬಿಡಿ ಸರ್,” ಎಂದಳು. “ಆ ದಿನ ಎಲ್ಲಾ ರೂಟೂ ಬದಲಾಗತ್ತೆ, ವರ್ಷಕ್ಕೇ ದೊಡ್ಡ ಚಾರ್ಟು. ಡ್ರೈವರುಗಳು ಡ್ಯೂಟಿ ಇಳಿಯೋದ್ರೊಳಗೆ ಅದು ಗೋಡೆ ಮೇಲೆ ಇರ್ಲಿಲ್ಲ ಅಂದ್ರೆ ನೀವು ಕರೆಯೋದೇ ಬೇಡ, ನಾನೇ ಕೆಳಗೆ ಹೋಗಿ ಕೂತ್ಕೋತೀನಿ.”

ಅವರು ಆಗಲಿ ಎಂದು ಎದ್ದರು. ಮೆಟ್ಟಿಲಿಳಿಯುವಾಗ ಪಾಪ ಎಂದು ಅವರು ಬಾಯಿಬಿಟ್ಟು ಅನ್ನದಿದ್ದರೂ ಅವಳಿಗೆ ಕೇಳಿಸಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಚಾರ್ಟಕ್ಕ ಅಳುತ್ತಾ ಕೂರುವ ಪೈಕಿ ಅಲ್ಲ. ಕಳೆದದ್ದನ್ನೆಲ್ಲ ನೆನಪಿಸಿಕೊಂಡು ಮತ್ತೆ ಬರೆಯುತ್ತೇನೆಂದು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿದಳು. ನಾಲ್ಕಾರು ನೆನಪಾದವು. ಆಮೇಲೆ ಜಪ್ಪಯ್ಯ ಎಂದರೂ ಒಂದೂ ಬರಲಿಲ್ಲ. ದಿನವೂ ನೂರು ಸಲ ಒತ್ತಿದ್ದ ಅಕ್ಷರಗಳು! ಅವಳು ಪೆನ್ನು ಕಚ್ಚುತ್ತಾ, ಗೋಡೆ ನೋಡುತ್ತಾ ಕೂತಿದ್ದಳು. ಅದೇ ಡಿಪೋದಲ್ಲಿ ಟೈರ್ ಬದಲಿಸುವ ಅವಳ ಗಂಡ ಎದುರಿಗೇ ಕೂತಿದ್ದ. ಬಾಯಿ ಬಿಟ್ಟರೆ ಟ್ಯೂಬಿನ ಗಾಳಿ ಹೋದೀತು ಎಂಬಂತಿರುವ ಮನುಷ್ಯ; ಎದ್ದು ಅವಳ ಊದಿದ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ತಿ ಮತ್ತೆ ಕೂತ.

ಅತ್ತೆ ಮಾತ್ರ ಸುಮ್ಮನಿರುವವರಲ್ಲ. ಡಿಪೋಗೆ ಡಿಪೋವೇ ಪಾಪ ಎಂದ ಕಾಲದಲ್ಲೂ ಆ ಮಾತನ್ನು ಬಾಯಿಗೆ ತಾರದೆ, ‘ಎಡಗೈ ಇದೆಯಲ್ಲ, ಈರುಳ್ಳಿ ಹೆಚ್ಚು’ ಎಂದ ಹೆಂಗಸು.

“ಏನೇ ಅದು, ಪರೀಕ್ಷೆಗೆ ಕೂತೋರ ಹಾಗೆ?”

“ಮಶೀನಲ್ಲಿ ಏನೇನು ಮಾಡ್ಕೊಂಡಿದ್ದೆ ಅಂತ ನೆನಪು ಮಾಡ್ಕೋತಿದ್ದೀನಿ ಅತ್ತೆ. ಬರ್ತಿಲ್ಲ.”

“ಹೇಗೆ ಬರತ್ತೆ? ಈ ಮನೆಗೆ ಬಂದಾಗ ನೀನು ಡಬ್ಬಗಳನ್ನೆಲ್ಲ ಒರೆಸಿ ಎತ್ತರದ ಪ್ರಕಾರ ಜೋಡಿಸಿಟ್ಯಲ್ಲ, ಪೊಲೀಸರು ಸಾಲು ನಿಂತ ಹಾಗೆ? ನೋಡೋಕೆ ಚೆನ್ನಾಗಿತ್ತು. ಅಡುಗೆ ಒಂದು ಆಗ್ತಿರ್ಲಿಲ್ಲ. ನಾನೇನು ಮಾಡ್ದೆ ಹೇಳು.”

“ಎಲ್ಲಾ ಇಳಿಸಿ ನೆಲದ ಮೇಲೆ ಹಾಕಿದ್ರಿ. ನಾನು ಅತ್ತುಬಿಟ್ಟೆ.”

“ಅತ್ರೆ ಏನಂತೆ. ನಾನು ಒಲೆ ಹಚ್ಚಿ ಅಡುಗೆ ಶುರು ಮಾಡ್ದೆ. ಉಪ್ಪು ಬೇಕು ಅಂದಾಗ ಕೈ ಎಲ್ಲಿಗೆ ಹೋಯ್ತೋ ಅಲ್ಲಿ ಉಪ್ಪಿನ ಡಬ್ಬ. ಎಣ್ಣೆಗೆ ಎಲ್ಲಿಗೆ ಹೋಯ್ತೋ ಅಲ್ಲಿ ಎಣ್ಣೆ. ಇವತ್ತಿಗೂ ಕಣ್ಣು ಮುಚ್ಚಿ ತಗೋತೀನಿ. ತಲೆ ಮರೆಯತ್ತೆ ಕಣೇ, ಕೈ ಮರೆಯಲ್ಲ. ನೀನು ಕೂತು ನೆನಪು ಮಾಡ್ಕೋಬೇಡ. ಕೆಲಸ ಮಾಡ್ತಾ ಹೋಗು. ಕೈ ಕೇಳತ್ತೆ.”

ಚಾರ್ಟಕ್ಕ ಅತ್ತೆಯ ಮುಖವನ್ನೇ ನೋಡಿದಳು. ಕಂಪ್ಯೂಟರ್ ಅಂದರೆ ಟಿವಿಯ ತಮ್ಮ ಎಂದು ತಿಳಿದಿರುವ ಹೆಂಗಸಿನ ಈ ಮಾತು ಅವಳ ತಲೆಯೊಳಗೆ ಹೋಗಿ ಗಟ್ಟಿಯಾಗಿ ಕೂತಿತು. ಕಾಗದ ಮಡಿಸಿ ಒಲೆಯ ಪಕ್ಕದ ಬುಟ್ಟಿಗೆ ಹಾಕಿ, ನೆಮ್ಮದಿಯಾಗಿ ಊಟ ಮಾಡಿದಳು.

ಮರುದಿನ ಅವಳು ಏನನ್ನೂ ನೆನಪಿಸಿಕೊಳ್ಳಲು ಹೋಗಲಿಲ್ಲ. ಏನೂ ಕಳೆದೇ ಇಲ್ಲ ಎಂಬ ಹಾಗೆ ಕೂತು, ಕಣ್ಣನ್ನು ರಜೆಯ ಚೀಟಿಗಳ ಮೇಲಿಟ್ಟು, ಕೈಯನ್ನು ಅದರ ಪಾಡಿಗೆ ಬಿಟ್ಟಳು. ಕೈ ಎರಡಕ್ಷರ ಒತ್ತಿತು. ಅಂಥ ಕಮಾಂಡ್ ಇಲ್ಲ ಎಂದಿತು ಮಶೀನ್. ‘ಇಲ್ವಾ? ತಗೋ’ ಎಂದು ಅಲ್ಲೇ ಕೆಲಸ ನಿಲ್ಲಿಸಿ, ಆ ಎರಡಕ್ಷರಕ್ಕೆ ಅರ್ಥ ಬರೆದಳು. ಮುಂದಕ್ಕೆ ಹೋದಳು. ಮತ್ತೆ ಇಲ್ಲ ಎಂದಿತು. ಮತ್ತೆ ಬರೆದಳು. ಮೊನ್ನೆ ಎದೆಗೆ ಚುಚ್ಚಿದ್ದ ಅದೇ ‘ಇಲ್ಲ’ ಈಗ, ಅಂಗಡಿಯವನು ಏನೇನು ಮುಗಿದಿದೆ ಎಂದು ಕೂಗಿ ಹೇಳುವ ಹಾಗೆ, ಏನೇನು ತರಬೇಕೆಂದು ತಾನೇ ತಿಳಿಸುತ್ತಿತ್ತು. ಆ ದಿನವೂ ಚಾರ್ಟ್ ತಡವಾಯಿತು, ಆದರೆ ಅವಳಿಗೆ ಹೆದರಿಕೆಯಾಗಲಿಲ್ಲ.

ಇನ್ನೊಂದು ವಿಷಯದಲ್ಲೂ ಅವಳು ಪಟ್ಟು ಹಿಡಿದಳು. ಮೊದಲು ಎಲ್ಲವನ್ನೂ ಒಂದೇ ಫೈಲಿಗೆ ತುರುಕಿದ್ದಳು, ಅಟ್ಟಕ್ಕೆ ಎಸೆದ ಸಾಮಾನಿನಂತೆ. ಈ ಸಲ ಕೀಲಿಗಳ ಏರ್ಪಾಟು ಒಂದು ಫೈಲು, ಚಾರ್ಟಿನ ಗಿಡ್ಡ ಕಮಾಂಡ್‌ಗಳು ಒಂದು, ಪರದೆಯ ಬಣ್ಣ ಮತ್ತು ಅಕ್ಷರ ಒಂದು ಎಂದು ಬೇರೆ ಬೇರೆ ಇಟ್ಟಳು. ಅವೆಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ಅದಕ್ಕೆ ‘ಗಂಟು’ ಎಂದು ಹೆಸರಿಟ್ಟಳು. ಅದರ ಮುಂದೆ ಚುಕ್ಕಿ ಇಡಲಿಲ್ಲ. ಒಳಗಿನ ಫೈಲುಗಳಿಗೂ ಇಡಲಿಲ್ಲ. ಕಣ್ಣೆದುರಿಗೇ ಬಿದ್ದಿರಲಿ, ನಾಚಿಕೆಯೇನು? ಮಶೀನ್ ಹುಡುಕುವುದು ಚುಕ್ಕಿ ಇಟ್ಟ ಹೆಸರನ್ನೇ ಆದ್ದರಿಂದ, ಆ ಜಾಗದಲ್ಲಿ ಬರೀ ಒಂದು ಕೈಮರ ನೆಟ್ಟಳು: ‘ನಾನಿಲ್ಲಿಲ್ಲ, ಗಂಟಿನಲ್ಲಿದ್ದೇನೆ, ಅಲ್ಲಿಗೆ ಹೋಗು.’ ಕೈಮರಗಳನ್ನೆಲ್ಲ ತಾನೇ ನೆಡುವ ‘ಬಿಚ್ಚು’ ಎಂಬ ಪುಟ್ಟ ಪ್ರೋಗ್ರಾಮನ್ನೂ, ಅವನ್ನು ಕಿತ್ತು ಗಂಟನ್ನೂ ಎತ್ತುವ ‘ಕಟ್ಟು’ ಎಂಬ ಇನ್ನೊಂದನ್ನೂ ಬರೆದಳು. ದಿನದ ಕೊನೆಗೆ ಗಂಟಿನ ಒಂದು ಪ್ರತಿಯನ್ನು ಚಾರ್ಟಿನ ಪ್ರೋಗ್ರಾಮುಗಳೆಲ್ಲ ಇರುವ, ಎಲ್ಲ ಮಶೀನುಗಳಿಗೂ ತಾಯಿಯಂತಿರುವ ದೊಡ್ಡ ಮಶೀನಿಗೆ ಕಳಿಸುವುದನ್ನು ರೂಢಿ ಮಾಡಿಕೊಂಡಳು.

ಟೈಮ್ ಟೇಬಲ್ ದಿನ ಹತ್ತಿರ ಬಂದ ಹಾಗೆ ‘ಇಲ್ಲ’ ಎನ್ನುವುದು ಕಡಿಮೆಯಾಯಿತು. ಕೆಲವನ್ನು ಕೈ ಕೇಳಲೇ ಇಲ್ಲ. ನಿಂತುಹೋದ ರೂಟಿನವು, ವರ್ಗವಾಗಿ ಹೋದ ಅಧಿಕಾರಿಗೆಂದು ಮಾಡಿದವು ಅವು. ಹೋಗಲಿ ಎಂದು ಬಿಟ್ಟಳು. ‘ನಿಧಾನ, ಅವಸರ ಇಲ್ಲ’ ಎಂಬ ಸಾಲು ಮಾತ್ರ ಅವಳಿಗೆ ನೆನಪಿತ್ತು. ಬರೆಯಲೆಂದು ಬೆರಳಿಟ್ಟವಳು ಹಿಂದಕ್ಕೆ ತೆಗೆದಳು. ಅದನ್ನು ಓದಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು ಈಗ ಈ ಕುರ್ಚಿಯಲ್ಲಿ ಇರಲಿಲ್ಲ. ಅವಳ ಮೇಲೆ ಚಾರ್ಟಕ್ಕನಿಗೆ ಒಂದು ಕ್ಷಣ ತುಂಬಾ ಪ್ರೀತಿ ಬಂತು.

ಟೈಮ್ ಟೇಬಲ್ ದಿನ ಬೆಳಿಗ್ಗೆ ಬೇಗ ಬಂದು, ಮಶೀನಿನ ಗುಂಡಿ ಒತ್ತಿದಳು. ಟಪ್ ಎಂದು ಒಳಗೆ ಏನೋ ಸದ್ದಾಗಿ, ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು, ಅವಳಿಗೆ ಬೇಕಾದ ಕಪ್ಪಲ್ಲ.

ರಿಪೇರಿಯವನು ಬಂದು ಮೂಸಿ ನೋಡಿ, “ಕರೆಂಟಿನ ಭಾಗ ಸುಟ್ಟೋಗಿದೆ ಅಕ್ಕಾ. ನಾಳೆನೇ,” ಎಂದ.

ನಾಳೆ ಎಂಬುದು ಇವತ್ತಿನ ಚಾರ್ಟಿಗೆ ಯಾವ ಉಪಯೋಗ? ಕ್ಯಾಶಿನವನು ಏಳುವಂತಿರಲಿಲ್ಲ. ಸಂಬಳದ ಗುಮಾಸ್ತ ತನ್ನ ಮಶೀನನ್ನು ಮುಟ್ಟಗೊಡುವವನಲ್ಲ. ರಜೆ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಮೀಸೆ ಡ್ರೈವರ್, ಡಿಪೋದ ಅತಿ ಹಳೆಯ ಡ್ರೈವರ್, ಎಲ್ಲ ನೋಡಿ ಗಂಟಲು ಸರಿಮಾಡಿಕೊಂಡ.

“ಅಕ್ಕಾ, ಬೇಜಾರಾಗಬೇಡಿ. ಕೆಳಗೆ ಕಳೆದ ಸಾಮಾನಿನ ಕೌಂಟರಲ್ಲಿ ಒಂದು ಮಶೀನ್ ಸುಮ್ನೆ ಕೂತಿದೆಯಲ್ಲ.”

ಚಾರ್ಟಕ್ಕನ ಮುಖ ಕೆಂಪಾಯಿತು. ಜಗತ್ತಿನಲ್ಲಿ ಅವಳು ಕೂರಲಾರೆ ಎಂದಿದ್ದ ಕುರ್ಚಿ ಅದೊಂದೇ. ಆದರೆ ಹಟ ಕುರ್ಚಿಯ ಮೇಲೋ, ಕೆಲಸದ ಮೇಲೋ? ರಜೆಯ ಚೀಟಿಗಳನ್ನು ಸೆರಗಿಗೆ ಸೇರಿಸಿಕೊಂಡು, ಮೆಟ್ಟಿಲಿಳಿದಳು.

ಕೌಂಟರಿನ ಹಿಂದೆ ಛತ್ರಿಗಳ ರಾಶಿ, ಊಟದ ಡಬ್ಬಗಳು, ಜೋಡಿಯಿಲ್ಲದ ಚಪ್ಪಲಿಗಳು, ಮೂಗಿನ ಮೇಲೆ ಬರಲು ಕಾಯುತ್ತಿರುವ ಕನ್ನಡಕಗಳು. ಅವುಗಳ ನಡುವೆ ಧೂಳು ತಿನ್ನುತ್ತಿದ್ದ ಮಶೀನನ್ನು ಒರೆಸಿ ಹಾಕಿದಳು. ದೊಡ್ಡ ಮಶೀನಿನಿಂದ ಗಂಟನ್ನು ತರಿಸಿಕೊಂಡಳು. ಅದೊಂದು ಸಾಲನ್ನು ಮಾತ್ರ ಪೂರ್ತಿ ಬರೆಯಬೇಕಾಯಿತು, ಬಲಗಡೆಯ ಎಂಟರನ್ನು ಹೆಬ್ಬೆರಳಿನಿಂದ ಒತ್ತಬೇಕಾಯಿತು. ಆಮೇಲೆ ‘ಬಿಚ್ಚು’ ಎಂದಳು. ಅಕ್ಷರ ದೊಡ್ಡದಾಯಿತು. ಬಣ್ಣ ಬಂತು. ಎರಡಕ್ಷರ ಒತ್ತಿ, ಕ್ಯಾಪ್ಸ್ ಲಾಕ್ ಕುಟ್ಟಿದಳು. ರಜೆಯವರ ಹೆಸರುಗಳು ಸರಸರನೆ ಇಳಿದು ಬಂದವು.

ಇನ್ನು ಅವಳನ್ನು ಹಿಡಿಯುವವರು ಯಾರು? ಬಸ್ಸುಗಳು ರೂಟಿಗೆ ಬಿದ್ದವು, ಡ್ರೈವರುಗಳು ಬಸ್ಸಿಗೆ ಬಿದ್ದರು. ನಡುವೆ ಒಬ್ಬ ಹೆಂಗಸು ನೀಲಿ ಛತ್ರಿ ಕೇಳಿಕೊಂಡು ಬಂದಳು. ಎದ್ದು ಹುಡುಕಿ ಕೊಟ್ಟಳು. ಒಬ್ಬ ಗಂಡಸು ಎಡಗಾಲಿನ ಚಪ್ಪಲಿ ಕೇಳಿಕೊಂಡು ಬಂದ, ಕಾಲಲ್ಲಿ ಬಲದ್ದು ಮಾತ್ರ ಇತ್ತು. ಅದನ್ನೂ ಕೊಟ್ಟಳು. ಕೊನೆಯ ತಪಾಸಣೆಯಲ್ಲಿ ಒಬ್ಬನೇ ಡ್ರೈವರ್ ಒಂದೇ ಹೊತ್ತಿಗೆ ಎರಡು ಬಸ್ಸಿನಲ್ಲಿದ್ದಾನೆ ಎಂದಿತು ಮಶೀನ್. ನೋಡಿದರೆ ಮೀಸೆಯವನೇ.

“ಏನ್ರೀ, ಎರಡು ಬಸ್ ಓಡಿಸ್ತೀರಾ?”

“ಮೀಸೆಗೊಂದು ಕೊಡಿ ಅಕ್ಕಾ, ನನಗೊಂದು,” ಎಂದ. ತಿದ್ದಿದಳು. ಮೇಲಿನ ಮಹಡಿಯ ಪ್ರಿಂಟರಿನಿಂದ ಹಾಳೆಗಳನ್ನು ಅವನೇ ಓಡಿ ಹೋಗಿ ತಂದ. ಒಂದು ಪ್ರತಿ ಕೌಂಟರಿನ ಮೇಲಿಟ್ಟು, ಇನ್ನೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಲು ಹೋದ. ಡ್ಯೂಟಿ ಇಳಿಯುವ ಬಸ್ಸುಗಳು ಇನ್ನೂ ಗೇಟಿನೊಳಗೆ ಬಂದಿರಲಿಲ್ಲ.

ಮ್ಯಾನೇಜರ್ ಬೆಳಿಗ್ಗೆಯಿಂದ ಹೊರಗೆ ಮೀಟಿಂಗಿನಲ್ಲಿದ್ದರು. ಒಳಗೆ ಬಂದವರೇ ಕೌಂಟರಿನ ಹಿಂದೆ, ಛತ್ರಿಗಳ ನಡುವೆ ಕೂತ ಚಾರ್ಟಕ್ಕನನ್ನು ನೋಡಿ ನಿಂತರು. ಅವರ ಮುಖ ಮೆತ್ತಗಾಯಿತು.

“ಬಂದು ಕೂತ್ಯಾ? ಒಳ್ಳೇದಾಯ್ತು ಬಿಡಮ್ಮ. ನಿನ್ನ ಕೈಲಾದಷ್ಟು ಮಾಡ್ದೆ. ಯಾರೂ ನಿನ್ನ ತಪ್ಪು ಅನ್ನಲ್ಲ, ಪಾಪ…”

ಚಾರ್ಟಕ್ಕ ಹಾಳೆಗಳನ್ನು ಅವರ ಕಡೆ ತಳ್ಳಿದಳು. ಅವರು ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು. ಅಷ್ಟರಲ್ಲಿ ಡ್ಯೂಟಿ ಇಳಿದ ಮೊದಲ ಬಸ್ ಅಂಗಳಕ್ಕೆ ಬಂತು. ಇಳಿದವರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಓದತೊಡಗಿದರು. ಯಾರೋ ಖುಷಿಗೆ ಹಾರ್ನ್ ಒತ್ತಿದರು.

“ಇಲ್ಲಿ ಕೂತು ಮಾಡಿದ್ಯಾ?” ಎಂದರು ಮ್ಯಾನೇಜರ್.

“ಎಲ್ಲಿ ಕೂತ್ರೂ ಮಾಡ್ತೀನಿ ಸರ್.”

ಅವರು ಹಾಳೆಗಳನ್ನು ಜೋಡಿಸಿದರು. “ಹಾಗಾದ್ರೆ ಈ ಕೌಂಟರಿಗೆ ಯಾರನ್ನ ಹಾಕ್ಲಿ?” ಎಂದು ಕೇಳಿದರು. ಅದರಲ್ಲಿ ಪಾಪ ಇರಲಿಲ್ಲ. ಜೊತೆ ಕೆಲಸ ಮಾಡುವವರೊಬ್ಬರು ಇನ್ನೊಬ್ಬರನ್ನು ಕೇಳುವ ಮಾತಿತ್ತು.

“ಯಾರನ್ನಾದ್ರೂ ಹಾಕಿ ಸರ್. ಧೂಳು ಹೊಡೆಯೋರಾಗಿದ್ರೆ ಸಾಕು.”

ಅವರು ಹೋದ ಮೇಲೆ ಅವಳು ಮಶೀನಿನ ಕಡೆ ತಿರುಗಿ ‘ಕಟ್ಟು’ ಎಂದು ಒತ್ತಿದಳು. ಕೈಮರಗಳೆಲ್ಲ ಕಿತ್ತು ಬಂದವು, ಗಂಟೂ ಅಲ್ಲಿಂದ ಎದ್ದಿತು, ಪರದೆ ಮೊದಲಿನ ಹಾಗೆ ಬೋಳಾಯಿತು. ಅಷ್ಟಕ್ಕೇ ಬಿಡದೆ, ಅಡಗಿದ್ದನ್ನೂ ತೋರಿಸು ಎಂದು ಇನ್ನೊಮ್ಮೆ ಕೇಳಿ, ಸಾಲು ಸಾಲಾಗಿ ಓದಿದಳು. ಕಳೆದ ಸಾಮಾನಿನ ಕೌಂಟರಿನಲ್ಲಿ ತನ್ನದು ಒಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ, ದೀಪ ಆರಿಸಿ ಮೇಲಕ್ಕೆ ಹೋದಳು.